ಅತ್ತೆ ನೀರು ಹಾಕುತ್ತಿದ್ದ ಗಿಡ

ಬಬಲೇಶ್ವರದ ಶಾಲೆಯಿಂದ ನನಗೆ ತಿಕೋಟಾಕ್ಕೆ ವರ್ಗವಾದಾಗ ಜೊತೆಯ ಶಿಕ್ಷಕಿಯರೆಲ್ಲ ಸೇರಿ ಒಂದು ಮನಿ ಟ್ರೀ ಕೊಟ್ಟರು. ಶಾಲು, ಹಾರ, ಫ್ರೇಮು ಹಾಕಿಸಿದ ಫೋಟೊ, ಇವುಗಳ ನಡುವೆ ಜೀವವಿದ್ದದ್ದು ಅದೊಂದಕ್ಕೇ. ಮೊಳದುದ್ದದ ಐದು ಕಾಂಡಗಳನ್ನು ಜಡೆ ಹಾಕಿದ ಹಾಗೆ ಹೆಣೆದಿದ್ದರು. ತುದಿಯಲ್ಲಿ ಬಿಚ್ಚಿದ ಅಂಗೈಯಂಥ ಎಲೆಗಳು. "ಇದು ಬೆಳದಂಗ ಮನ್ಯಾಗ ರೊಕ್ಕ ಬೆಳೀತೈತಂತ್ರಿ ಟೀಚರ್" ಎಂದು ನಕ್ಕರು. ರೊಕ್ಕದ ಮಾತು ಹಾಗಿರಲಿ, ಗಿಡ ನನಗೆ ಹಿಡಿಸಿಬಿಟ್ಟಿತು. ನಗರದಲ್ಲಿ ಜೋರಾಪುರ ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಇಟ್ಟು, ಬಿಸಿಲು ನೇರವಾಗಿ ಬೀಳದಂತೆ ತೆಳು ಪರದೆ ಕಟ್ಟಿದೆ. "ಹೆತ್ತ ಮಕ್ಕಳಿಗೂ ಇಷ್ಟ್ ಉಪಚಾರ ಮಾಡಿದ್ದಿಲ್ಲ ನೀ" ಎಂದು ನನ್ನವರು ಚಾಷ್ಟಿ ಮಾಡಿದರು.

ಅತ್ತೆ ಆಗ ನಮ್ಮ ಜೊತೆಗೇ ಇದ್ದರು, ಈಗಲೂ ಇದ್ದಾರೆ. ಅವರ ಊರು ಬಿಜ್ಜರಗಿ. ಮರೆವು ಶುರುವಾದ ಮೇಲೆ ಇಲ್ಲಿಗೆ ಕರೆತಂದೆವು. ಮೊದಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುವಷ್ಟು ಮರೆವು. ಬರಬರುತ್ತ ಊಟ ಮಾಡಿದ್ದನ್ನೇ ಮರೆಯತೊಡಗಿದರು. ಒಲೆ ಹಚ್ಚಿ ಮರೆಯುತ್ತಾರೆಂದು ಅಡುಗೆಮನೆಯ ಕೆಲಸ ಬಿಡಿಸಿದೆವು. ದಾರಿ ಮರೆಯುತ್ತಾರೆಂದು ಹೊರಗೆ ಹೋಗುವುದನ್ನೂ ಬಿಡಿಸಿದೆವು. ಹೊಲದಲ್ಲಿ ಒಂದು ಗಳಿಗೆ ಸುಮ್ಮನೆ ಕೂತು ಗೊತ್ತಿಲ್ಲದ ಜೀವ ಅದು. ಇಲ್ಲಿ ಸೆರಗಿನ ಅಂಚನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಗಿಡ ಬಂದ ದಿನ ಮಾತ್ರ ಎದ್ದು ಹತ್ತಿರ ಹೋಗಿ ಎಲೆ ಸವರಿ, "ಇದಕ್ಕ ನೀರ್ ನಾ ಹಾಕ್ತೇನಿ" ಎಂದರು. ಹಾಕಲಿ, ಅವರಿಗೂ ಒಂದು ಕೆಲಸವಾಯಿತು ಎಂದು ನನಗೂ ಸಮಾಧಾನ.

ಆದರೆ ತಂಬಿಗೆ ತುಂಬ ನೀರು ಹಾಕಿ ಬಂದು ಕೂತ ಹತ್ತು ನಿಮಿಷಕ್ಕೆ ಮತ್ತೆ ಏಳುತ್ತಿದ್ದರು.

"ಅತ್ತಿ, ಆಗಳೇ ಹಾಕೀರಿ."

"ನಾನ? ಯಾವಾಗ? ಮುಂಜಾನಿಂದ ಒಂದ್ ಹನಿ ನೀರ್ ಕಂಡಿಲ್ಲ ಪಾಪ ಇದು."

ಬಿಜ್ಜರಗಿಯಲ್ಲಿ ಮೊದಲ ಸಲ ದ್ರಾಕ್ಷಿ ಹಚ್ಚಿದಾಗ ಬಾವಿಯಿಂದ ಕೊಡ ಹೊತ್ತು ಒಂದೊಂದು ಸಸಿಗೂ ನೀರು ಉಣಿಸಿದವರು ಅವರು. ಅಂಥವರಿಗೆ ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಎಂದು ಹೇಗೆ ಹೇಳುವುದು? ನೀರಿಗೇ ಬರವಿರುವ ನಮ್ಮ ಕಡೆ ಇದನ್ನು ಯಾರಾದರೂ ನಂಬುತ್ತಾರೆಯೇ? ಅತಿಯಾದರೆ ಅಮೃತವೂ ವಿಷ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವ ನಾನೂ ನಂಬಿರಲಿಲ್ಲ. ಎಲೆಗಳು ಹಳದಿಯಾಗಿ ಉದುರತೊಡಗಿದಾಗ ಸ್ಟೇಷನ್ ರಸ್ತೆಯಲ್ಲಿ ಸಸಿ ಮಾರುವವರ ಹತ್ತಿರ ಕುಂಡವನ್ನೇ ಆಟೊದಲ್ಲಿ ಒಯ್ದೆ. ಅವರು ಮಣ್ಣಿಗೆ ಬೆರಳಿಟ್ಟು ಮೂಸಿ ನೋಡಿ, "ಬೇರ್ ಕೊಳ್ಯಾಕತ್ತಾವ್ರಿ ಬಾಯಾರ. ವಾರಕ್ಕೊಮ್ಮಿ ಸಾಕು. ಹಿಂಗ ಬಟ್ಟ ಇಟ್ ನೋಡ್ರಿ, ಮಣ್ ಒಣಗಿದ್ರಷ್ಟ ಹಾಕ್ರಿ" ಎಂದರು. ಐದರಲ್ಲಿ ಒಂದು ಕಾಂಡ ಒತ್ತಿದರೆ ಮೆತ್ತಗಾಗಿತ್ತು. ಅದನ್ನು ಕಿತ್ತು, ಕೊಳೆತ ಬೇರು ಕತ್ತರಿಸಿ, ಉಸುಕು ಬೆರೆಸಿ ಹೊಸ ಮಣ್ಣು ತುಂಬಿಕೊಟ್ಟರು.

ಮನೆಗೆ ಬಂದು ತಂಬಿಗೆ ಬಚ್ಚಿಟ್ಟೆ. ಅತ್ತೆ ಚಹಾದ ಕಪ್ಪಿನಲ್ಲಿ ನೀರು ಒಯ್ದರು. ಕಪ್ಪುಗಳನ್ನು ಮೇಲಿನ ಫಳಿಗೆ ಏರಿಸಿದೆ. ಗುಳಿಗೆಯನ್ನಷ್ಟೇ ಒಣಗಂಟಲಲ್ಲಿ ನುಂಗಿ, ಅದರ ಜೊತೆ ಕೊಟ್ಟ ನೀರನ್ನು ಗಿಡಕ್ಕೆ ಸುರಿದರು. "ನನಗ ನೀರಡಿಕಿಲ್ಲವಾ, ಅದಕ್ಕ ಐತಿ" ಎಂದರು. ಶಾಲೆಯಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದೆ. ಮನೆಯಲ್ಲಿ ನಗು ಬರುತ್ತಿರಲಿಲ್ಲ.

"ಗಿಡ ಹೋದ್ರ ಹೋತು, ಬಿಡು. ಅವ್ವ ಹಾಕ್ಕೋತ ಇರ್ಲಿ" ಎಂದರು ನನ್ನವರು. ಅವರ ಮಾತು ಆಗಲೇ ಕೇಳಬೇಕಿತ್ತು. ಆದರೆ ನನಗೆ ಮೊದಲಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ, ಮೇಲೆ ಹಟ ಬೇರೆ. ಗಿಡ ಉಳಿಸಿಯೇ ತೀರುತ್ತೇನೆ ಎಂದುಕೊಂಡೆ.

ಪರೀಕ್ಷೆಯ ದಿನಗಳು. ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟನ್ನು ಕಿಟಕಿಯ ಕೆಳಗೆ ನೆಲದ ಮೇಲಿಟ್ಟು ಶಾಲೆಗೆ ಹೋಗಿದ್ದೆ. ತಿಕೋಟಾ ಬಸ್ಸಿನಲ್ಲಿ ನಿಂತೇ ಬಂದು ಸಂಜೆ ಬಾಗಿಲು ತೆರೆದರೆ ಕೋಣೆ ತುಂಬ ನೀರು. ಕಟ್ಟು ತೊಯ್ದು ಉಬ್ಬಿದೆ, ಮಕ್ಕಳ ನೀಲಿ ಅಕ್ಷರಗಳು ಹಾಳೆಯಿಂದ ಹಾಳೆಗೆ ಹರಡಿವೆ. ಅತ್ತೆ ಬಕೆಟ್ ಹಿಡಿದು ನಿಂತು ನನ್ನನ್ನು ನೋಡಿ ನಕ್ಕರು, ಒಳ್ಳೆಯ ಕೆಲಸ ಮಾಡಿದವರ ನಗು.

"ಎಷ್ಟ್ ಸಲ ಹೇಳಬೇಕ್ರಿ ನಿಮಗ? ನೀವ ಕೊಲ್ಲಾಕತ್ತೀರಿ ಅದನ್ನ! ನಿಮ್ಮ ಕೈಲೆ ಸಾಯಾಕತ್ತೈತಿ ಅದು! ಇನ್ನ ಮುಟ್ಟಬ್ಯಾಡ್ರಿ!"

ಬಕೆಟ್ಟನ್ನು ಕಸಿದುಕೊಂಡೆ. ಅವರು ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಹಾಕಿಕೊಂಡರು.

ಬೆಳಗಾದರೆ ಮರೆಯುತ್ತಾರೆ ಎಂದುಕೊಂಡಿದ್ದೆ. ಏನನ್ನೂ ಹತ್ತು ನಿಮಿಷ ನೆನಪಿಟ್ಟುಕೊಳ್ಳದ ಜೀವ ಇದನ್ನೊಂದು ಯಾಕೆ ನೆನಪಿಟ್ಟುಕೊಂಡಿತೋ ಆ ದೇವರೇ ಬಲ್ಲ. ಮರುದಿನ ಗಿಡದ ಹತ್ತಿರ ಸುಳಿಯಲಿಲ್ಲ, ಅದರ ಮರುದಿನವೂ ಇಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರತೊಡಗಿದರು. ಊಟ ಕಡಿಮೆಯಾಯಿತು. ಅರ್ಧ ರೊಟ್ಟಿ ಮುರಿದುಕೊಂಡು ಅದನ್ನೂ ಬಿಡುತ್ತಿದ್ದರು. ವೈದ್ಯರು ಪರೀಕ್ಷೆ ಮಾಡಿ ಹೊಸ ಕಾಯಿಲೆ ಏನೂ ಇಲ್ಲ ಎಂದರು.

ಗಿಡ ಚಿಗುರಿತು. ಉಳಿದ ನಾಲ್ಕು ಕಾಂಡಗಳೂ ಗಟ್ಟಿಯಾಗಿ, ತುದಿಗಳಲ್ಲಿ ಎಳೆಹಸಿರು ಎಲೆ ಬಿಟ್ಟವು. ಬಂದವರು "ಏನ್ ಚಂದ ಬೆಳದೈತ್ರಿ, ಏನ್ ಹಾಕ್ತೀರಿ ಇದಕ್ಕ?" ಎಂದು ಕೇಳುತ್ತಾರೆ. ನನಗೆ ಆ ಗಿಡವನ್ನು ನೋಡಿದರೆ ಮೈ ಉರಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವಳು ನಾನು, ಹೋದದ್ದು ಅವರದು.

ತಂಬಿಗೆಯನ್ನು ಹೊರತೆಗೆದೆ. ದಿನಾ ಬೆಳಿಗ್ಗೆ ತುಂಬಿ ಅವರ ಮುಂದೆ ಹಿಡಿದೆ. "ಅತ್ತಿ, ಗಿಡಕ್ಕ ನೀರಿಲ್ರಿ. ನೀವ ಹಾಕಬೇಕು." ಅವರು ತಲೆ ಅಲ್ಲಾಡಿಸುತ್ತಿದ್ದರು. "ಬ್ಯಾಡವಾ. ನನ್ನ ಕೈ ಚಲೋ ಅಲ್ಲ." ಕೈ ಹಿಡಿದು ಎಬ್ಬಿಸಿದೆ, ತಪ್ಪಾಯಿತೆಂದೆ, ಕಾಲು ಮುಟ್ಟಿದೆ. ಯಾಕೆ ಮುಟ್ಟುತ್ತಿದ್ದೇನೆ ಎಂದು ಅವರಿಗೆ ತಿಳಿಯಲಿಲ್ಲ.

ಹೋದ ಭಾನುವಾರ ಇನ್ನೊಂದು ಉಪಾಯ ಮಾಡಿದೆ. ಕುಂಡವನ್ನೇ ಅವರ ಕುರ್ಚಿಯ ಮುಂದೆ ತಂದಿಟ್ಟು, ಅವರು ನೋಡುವ ಹಾಗೆ ನಾನೇ ನೀರು ಹಾಕತೊಡಗಿದೆ. ಒಂದು ತಂಬಿಗೆಯಾಯಿತು, ಎರಡಾಯಿತು. ಕೊಳೆತರೆ ಕೊಳೆಯಲಿ, ಇವರೊಮ್ಮೆ ಕೈ ಚಾಚಲಿ ಎಂದು ಮೂರನೆಯದನ್ನು ಬಗ್ಗಿಸಿದೆ. ಕುಂಡದ ಕೆಳಗಿನ ತಟ್ಟೆ ತುಂಬಿ ನೀರು ಅವರ ಪಾದದ ಹತ್ತಿರ ಹರಿಯಿತು. ಆಗ ಸೆರಗಿನೊಳಗಿಂದ ಕೈ ಹೊರಗೆ ಬಂದು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು.

"ಸಾಕ್ ಬಿಡವಾ. ಆಕಿ ನೋಡಿದ್ರ ಬೈತಾಳ."

"ಯಾರ್ರಿ?"

ಅತ್ತೆ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಈ ಮನಿ ಸೊಸಿ. ಬಾಳ ಸಿಟ್ಟಿನಾಕಿ. ನೀ ಲಗೂನ ಒರಸಿಬಿಡು, ನಾ ಯಾರಿಗೂ ಹೇಳಂಗಿಲ್ಲ."

"ಹೂನ್ರಿ" ಎಂದೆ. ಅರಿವೆ ತಂದು ನೆಲ ಒರೆಸಿದೆ. ಒರೆಸಿ ಮುಗಿಯುವವರೆಗೂ ಅವರು ಬಾಗಿಲು ಕಾಯುತ್ತ ಕೂತಿದ್ದರು.