ವಸುಧಾ ಮೇಡಂ ಕೇಳಿದ್ದ ಐದು ನಿಮಿಷ

ಅಂದು ಮಂಗಳವಾರ. ಮಧ್ಯಾಹ್ನ ನಾಲ್ಕು ಗಂಟೆಗೆ ವಸುಧಾ ಮೇಡಂ ಮೀಟಿಂಗ್ ರೂಮಿನಿಂದ ಎರಡು ಕುರ್ಚಿಗಳನ್ನು ಎಳೆದು ಕಾರಿಡಾರಿಗೆ ತಂದಿಟ್ಟರು. ಮರುದಿನದ ಮೀಟಿಂಗಿಗೆ ಬರಬೇಕಾದವರು ಮೇಡಂ ಸೇರಿ ಹನ್ನೊಂದು ಜನ, ಬರೆದುಕೊಳ್ಳುವ ನಾನು ಸೇರಿದರೆ ಹನ್ನೆರಡು. ಕೋಣೆಯಲ್ಲಿ ಹನ್ನೆರಡೇ ಕುರ್ಚಿ ಇರಬೇಕು. ಒಂದು ಹೆಚ್ಚಿದ್ದರೂ ಅವರಿಗೆ ಸಮಾಧಾನವಿರಲಿಲ್ಲ.

“ಹಿಂದ್ಗಡೆ ಒಂದು ಚೇರ್ ಖಾಲಿ ಇದ್ರೆ ಯಾರಾದ್ರೂ ಹೋಗಿ ಅಲ್ಲೇ ಕೂತ್ಕೋತಾರೆ ಲತಾ. ಅಲ್ಲಿ ಕೂತೋರು ಬಾಯೇ ಬಿಡಲ್ಲ” ಎನ್ನುತ್ತಿದ್ದರು.

ಅಧ್ಯಕ್ಷರಾದರೂ ಅವರು ಮೇಜಿನ ತುದಿಯ ಮುಖ್ಯ ಜಾಗದಲ್ಲಿ ಕೂರುತ್ತಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಅವರದು. ಫೋನ್ ಬಂತೆಂದು ಎದ್ದು ಹೋಗುವವರು ಅವರ ಮುಖ ನೋಡಿಕೊಂಡೇ ಹೋಗಬೇಕಾಗಿತ್ತು. ಹೀಗೆ ಕೂತ ಮೇಲೆ ಫೋನ್ ಬರುವುದೇ ಕಡಿಮೆಯಾಯಿತು.

ಟೋವಾ ಪಾಯೋ ಎಂಬ ಬಡಾವಣೆಯಲ್ಲಿದ್ದ ಆ ಕಾಲೇಜಿನಲ್ಲಿ ನಾನು ಆಫೀಸ್ ಅಸಿಸ್ಟೆಂಟ್. ಓದಿದ್ದು ಪಿಯುಸಿ. ಮದುವೆಯಾಗಿ ಗಂಡನ ಜೊತೆ ಈ ಹೊರದೇಶಕ್ಕೆ, ಚೋವಾ ಚು ಕಾಂಗಿಗೆ ಬಂದು, ಎರಡು ವರ್ಷ ಮನೆಯಲ್ಲಿದ್ದು ಈ ಕೆಲಸಕ್ಕೆ ಸೇರಿದ್ದೆ. ಮೇಡಂ ಮೈಸೂರಿನವರು, ಗಣಿತದ ಲೆಕ್ಚರರ್, ಸೆಂಗ್‌ಕಾಂಗಿನಲ್ಲಿ ಮನೆ. ಯಾವ ಕೋರ್ಸ್ ಇರಬೇಕು, ಪರೀಕ್ಷೆ ಹೇಗೆ ನಡೆಯಬೇಕು ಎಂಬುದನ್ನೆಲ್ಲ ತೀರ್ಮಾನಿಸಲು ಅಲ್ಲಿ ಅಧ್ಯಾಪಕರ ಮಂಡಳಿಯೊಂದಿತ್ತು. ಆರು ವರ್ಷ ಅದಕ್ಕೆ ಅವರೇ ಅಧ್ಯಕ್ಷರು. ಪ್ರಾಂಶುಪಾಲರು ಮಂಡಳಿಯ ಮಾತನ್ನು ತೆಗೆದುಹಾಕುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಬರೆದದ್ದು ನಡೆಯುತ್ತಿತ್ತು. ಬರೆಯುವವಳು ನಾನು.

ಮೊದಲ ದಿನಗಳಲ್ಲಿ ನನಗಿದ್ದ ಹೆದರಿಕೆ ಇಷ್ಟೆಂದು ಹೇಳಲಾರೆ. ಮಾತೆಲ್ಲ ಇಂಗ್ಲಿಷು, ಅದೂ ನಾಲ್ಕು ಬಗೆಯ ಇಂಗ್ಲಿಷು. ಒಬ್ಬರ ವಾಕ್ಯ ಮುಗಿಯುವುದರೊಳಗೆ ಇನ್ನೊಬ್ಬರದು ಶುರುವಾಗುತ್ತಿತ್ತು. ಎರಡನೆಯ ಮೀಟಿಂಗಿನಲ್ಲಿ ಹಾಜರಾತಿಯ ಹೊಸ ನಿಯಮವೊಂದು ಬಂತು. ಯಾರೂ ಏನೂ ಹೇಳಲಿಲ್ಲ. ನಾನು ನಡಾವಳಿಯಲ್ಲಿ ‘ಎಲ್ಲರೂ ಒಪ್ಪಿದರು’ ಎಂದು ಬರೆದೆ. ಹಿಂದಿನ ಫೈಲುಗಳಲ್ಲೆಲ್ಲ ಹಾಗೇ ಇತ್ತು.

ಮೇಡಂ ಅದನ್ನು ಓದಿ ನನ್ನನ್ನು ಕರೆದರು.

“ಇದನ್ನ ಯಾರು ಒಪ್ಕೊಂಡ್ರು?”

“ಎಲ್ರೂ ಮೇಡಂ. ಯಾರೂ ಬೇಡ ಅನ್ಲಿಲ್ಲ.”

“ಬೇಕು ಅಂದ್ರಾ?”

ನಾನು ಸುಮ್ಮನಾದೆ.

“ನೋಡು, ಈಗ ನೀನು ಸುಮ್ನಿದೀಯ. ನಾನು ಹೇಳಿದ್ದನ್ನ ಒಪ್ಕೊಂಡೆ ಅಂತ ಬರ್ಕೊಳ್ಲಾ?” ಎಂದು ನಕ್ಕರು. “ಸುಮ್ನಿದ್ರೆ ಸುಮ್ನಿದ್ರು ಅಂತ ಬರಿ. ಅದೇನು ತಪ್ಪಲ್ಲ. ಒಪ್ಕೊಂಡ್ರು ಅಂತ ಬರೆದ್ರೆ ಮಾತ್ರ ತಪ್ಪು.”

ಅಂದಿನಿಂದ ಹೊಸ ಪದ್ಧತಿಯೊಂದು ಶುರುವಾಯಿತು. ಒಂದೊಂದು ವಿಷಯ ಮುಗಿದಾಗಲೂ ಅವರು ನನ್ನ ಕಡೆ ತಿರುಗಿ “ಓದಮ್ಮ” ಎನ್ನುತ್ತಿದ್ದರು. ಆ ಕೋಣೆಯಲ್ಲಿ ಅದೊಂದೇ ಕನ್ನಡದ ಮಾತು. ಆಗಷ್ಟೇ ಬರೆದದ್ದನ್ನು ನಾನು ಎಲ್ಲರೆದುರು ಓದಬೇಕು. ನನ್ನ ಇಂಗ್ಲಿಷು ತಡವರಿಸುತ್ತಿತ್ತು. ಆದರೆ ‘ಯಾರೂ ಮಾತನಾಡಲಿಲ್ಲ’ ಎಂದು ಓದಿದಾಗ ಆಗುತ್ತಿದ್ದುದು ಬೇರೆ. ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡು “ಆಕ್ಚುಯಲಿ...” ಎಂದು ಶುರುಮಾಡುತ್ತಿದ್ದರು. ನಿಜವಾದ ಮೀಟಿಂಗು ಅಲ್ಲಿಂದ ಆರಂಭವಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಮಿಕ್ಕ ಹತ್ತು ಜನರಿಗೂ “ಓದಮ್ಮ” ಎಂದರೇನೆಂದು ಗೊತ್ತಾಗಿಹೋಯಿತು.

ಉಪಾಧ್ಯಕ್ಷರಾದ ಲಿಮ್ ಸರ್‌ಗೆ ಮಾತ್ರ ಇದೆಲ್ಲ ನಿಧಾನ ಎನಿಸುತ್ತಿತ್ತು. ಆಗ ವಾಟ್ಸಾಪ್ ಗುಂಪುಗಳು ಹೊಸದಾಗಿ ಬಂದಿದ್ದವು. “ವಸುಧಾ, ಗ್ರೂಪಲ್ಲಿ ಹಾಕಿಬಿಡಿ ಲಾ, ಎಲ್ಲರೂ ಥಂಬ್ಸ್ ಅಪ್ ಕೊಟ್ಟರೆ ಮುಗೀತು” ಎಂದು ಅಲ್ಲಿಯವರ ‘ಲಾ’ ಸೇರಿಸಿ ಹೇಳುತ್ತಿದ್ದರು. ಮೇಡಂ ಅವರಿಗೆ ಇಂಗ್ಲಿಷಿನಲ್ಲಿ ಏನೋ ನಯವಾಗಿ ಹೇಳಿ, ನನ್ನ ಹತ್ತಿರ ಬಂದು, “ಓದು ಬರಹ ಬಂದೋರೂ ಹೆಬ್ಬೆಟ್ಟು ಒತ್ಬೇಕಂತೆ” ಎಂದು ಗೊಣಗುತ್ತಿದ್ದರು.

ಇನ್ನೊಂದು ನಿಯಮ, ಕಿರಿಯರು ಮೊದಲು ಮಾತನಾಡಬೇಕು ಎಂಬುದು. ವಿಭಾಗದ ಮುಖ್ಯಸ್ಥರು ಬಾಯಿ ತೆರೆದ ಮೇಲೆ ಒಂದು ವರ್ಷದ ಕಾಂಟ್ರಾಕ್ಟಿನಲ್ಲಿರುವವರು ಬೇರೆ ಮಾತು ಹೇಳುವುದುಂಟೇ? ಫರಾ ಎಂಬ ಹುಡುಗಿ ಇಂಗ್ಲಿಷ್ ಕಲಿಸಲು ಸೇರಿ ಎರಡು ವಾರವಾಗಿತ್ತು. ಮೊದಲ ಪ್ರಶ್ನೆಯೇ ಅವಳಿಗೆ ಬಂತು. ಅವಳು “ನನಗೆ ಗೊತ್ತಿಲ್ಲ” ಎಂದಳು. ಮೇಡಂ “ಥ್ಯಾಂಕ್ಯೂ” ಎಂದು, ಅದನ್ನು ಬರೆದುಕೊಳ್ಳುವಂತೆ ನನಗೆ ಸನ್ನೆ ಮಾಡಿದರು. ಮುಂದಿನ ತಿಂಗಳು ಫರಾ ಎರಡು ಪುಟ ಬರೆದುಕೊಂಡು ಬಂದಿದ್ದಳು.

ಇಷ್ಟು ಬಿಗಿಯಾಗಿ ನಡೆಸುತ್ತಿದ್ದವರಿಗೆ ಮೀಟಿಂಗ್ ಎಂದರೆ ಭಯವಿತ್ತು ಎಂಬುದು ನನ್ನೊಬ್ಬಳಿಗೇ ಗೊತ್ತಿತ್ತೇನೋ. ಮೀಟಿಂಗಿನ ದಿನ ಬೆಳಗಿನಿಂದ ಅವರು ನೀರನ್ನೂ ಕುಡಿಯುತ್ತಿರಲಿಲ್ಲ. ಕೈ ತಣ್ಣಗಾಗಿರುತ್ತಿತ್ತು. “ಮುಟ್ಟಿ ನೋಡು, ಐಸ್” ಎಂದು ನನ್ನ ಮಣಿಕಟ್ಟಿಗೆ ಬೆರಳು ತಾಗಿಸುತ್ತಿದ್ದರು.

“ಕ್ಲಾಸಲ್ಲಿ ನಿಮಗೆ ಹೆದರಿಕೆ ಆಗಲ್ವಲ್ಲ ಮೇಡಂ?” ಎಂದು ಒಮ್ಮೆ ಕೇಳಿದೆ.

“ಕ್ಲಾಸಲ್ಲಿ ಉತ್ತರ ನಂಗೆ ಗೊತ್ತಿರುತ್ತೆ, ಹೇಳ್ಬಿಡ್ತೀನಿ. ಇಲ್ಲಿ ಗೊತ್ತಿದ್ರೂ ಹೇಳೋ ಹಾಗಿಲ್ಲ. ಚೇರಲ್ಲಿ ಕೂತೋಳು ಒಂದು ಕಡೆ ವಾಲಿದ್ರೆ ಮಿಕ್ಕೋರೆಲ್ಲ ಯಾಕೆ ಮಾತಾಡ್ತಾರೆ?”

ಮೀಟಿಂಗ್ ಮುಗಿದ ಮೇಲೆ ಕೆಳಗಿನ ಕ್ಯಾಂಟೀನಿಗೆ ಇಳಿದು ನಮ್ಮ ಪರೋಟದಂಥ ಎರಡು ಪ್ರಾಟಾ ತರಿಸಿಕೊಂಡು, ಚಿಕ್ಕ ಮಕ್ಕಳ ಹಾಗೆ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದರು. ಆಗ ಅವರ ಕೈ ಬೆಚ್ಚಗಾಗುತ್ತಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಅವರು ಮಂಡಳಿಯಲ್ಲಿ ತಮ್ಮ ಅಭಿಪ್ರಾಯ ಹೇಳಲಿಲ್ಲ. ಫೈಲು ನನ್ನ ಕೈಯಲ್ಲೇ ಇತ್ತು, ಆದ್ದರಿಂದ ಖಚಿತವಾಗಿ ಹೇಳಬಲ್ಲೆ.

ಆ ಮಂಗಳವಾರ ಕುರ್ಚಿಗಳನ್ನು ಹೊರಗಿಟ್ಟ ಮೇಲೆ ಇಬ್ಬರೂ ಕೂತು ಅಜೆಂಡಾ ನೋಡಿದೆವು. ಅವರ ಅಜೆಂಡಾದಲ್ಲಿ ಎಲ್ಲವೂ ಪ್ರಶ್ನೆಗಳೇ. ಬರೀ ಹೆಸರು ಬರೆದರೆ ಜನ ಅದನ್ನು ನೋಡಿ ತಲೆಯಾಡಿಸುತ್ತಾರೆ, ಪ್ರಶ್ನೆ ಕೇಳಿದರೆ ಉತ್ತರ ಹುಡುಕಿಕೊಂಡು ಬರುತ್ತಾರೆ ಎಂದು ಅವರ ನಂಬಿಕೆ. ಮೂರನೆಯ ಪ್ರಶ್ನೆ ಹೀಗಿತ್ತು: ‘ಸಂಜೆಯ ಡಿಪ್ಲೊಮಾ ಮುಂದುವರಿಯಬೇಕೇ?’

ಅದು ಕೆಲಸಕ್ಕೆ ಹೋಗುವವರಿಗಾಗಿ ಇದ್ದ ಕೋರ್ಸು. ಬಸ್ ಚಾಲಕರು, ಆಸ್ಪತ್ರೆಯ ಸಹಾಯಕರು, ಅಂಗಡಿಯಲ್ಲಿ ನಿಲ್ಲುವವರು ಬರುತ್ತಿದ್ದರು. ವರ್ಷವರ್ಷವೂ ಸಂಖ್ಯೆ ಇಳಿದು ಆಗ ಒಂಬತ್ತು ಜನ ಉಳಿದಿದ್ದರು. ಒಂಬತ್ತರಲ್ಲಿ ನಾನೂ ಒಬ್ಬಳು. ಫಾರ್ಮ್ ತುಂಬಿಸಿದ್ದು ಮೇಡಂ. ಪಿಯುಸಿ ಆಗಿ ಹನ್ನೆರಡು ವರ್ಷವಾದ ಮೇಲೆ ಮತ್ತೆ ಲೆಕ್ಕ ಮಾಡಲು ಕೂತಿದ್ದೆ. ಅರ್ಧ ದಾರಿಗೆ ಬಂದಿದ್ದೆ. ಮುಚ್ಚಿದರೆ ಬರೆದ ಪರೀಕ್ಷೆಗಳೆಲ್ಲ ವ್ಯರ್ಥ. ಅದನ್ನು ಮುಚ್ಚುವ ಮೀಟಿಂಗಿನ ನಡಾವಳಿಯನ್ನೂ ನಾನೇ ಬರೆಯಬೇಕು.

“ಏನಾಗುತ್ತೆ ಮೇಡಂ?” ಎಂದೆ.

“ಗೊತ್ತಿದ್ರೆ ಮೀಟಿಂಗ್ ಯಾಕೆ ಕರೀತಿದ್ದೆ?” ಎಂದರು. ಆಮೇಲೆ ಪೆನ್ನು ತೆಗೆದು ನನ್ನ ಪ್ರತಿಯ ಮೂರನೆಯ ಪ್ರಶ್ನೆಯ ಕೆಳಗೆ ಕನ್ನಡದಲ್ಲಿ ಬರೆದರು: ‘ಕೊನೆಗೆ ನಾನು, ಐದು ನಿಮಿಷ.’

ನಾನು ಅವರ ಮುಖ ನೋಡಿದೆ.

“ಐದು ನಿಮಿಷ ಲಿಮ್ ನನ್ನ ಚೇರಲ್ಲಿ ಕೂತಿರ್ಲಿ. ಇದೊಂದು ವಿಷಯಕ್ಕೆ ನಾನೂ ಮಾತಾಡ್ತೀನಿ. ಎಲ್ರೂ ಹೇಳಿ ಆದ್ಮೇಲೆ.”

“ಏನ್ ಹೇಳ್ತೀರಿ?”

“ನೀನೇ ತಾನೆ ಬರ್ಕೊಳ್ಳೋಳು, ನಾಳೆ ಗೊತ್ತಾಗುತ್ತೆ. ಈಗ್ಲೇ ಹೇಳಿದ್ರೆ ನಿಂಗೆ ನಿದ್ದೆ ಬರಲ್ಲ” ಎಂದು ಚೀಲ ಹೆಗಲಿಗೇರಿಸಿದರು. ಲಿಫ್ಟಿನ ಹತ್ತಿರ ನಿಂತು, “ಆ ಎರಡು ಚೇರ್ ಒಳಗೆ ಬರ್ದಿರ್ಲಿ, ನೋಡ್ಕೋ” ಎಂದರು.

ಮರುದಿನ ಬೆಳಗ್ಗೆ ಮನೆಯ ಹತ್ತಿರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಅವರು ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಮೂರು ದಿನ ಆಸ್ಪತ್ರೆಯಲ್ಲಿದ್ದರು. ನಾನು ಹೋದಾಗ ಅವರಿಗೆ ಎಚ್ಚರವಿರಲಿಲ್ಲ. ಅವರ ಯಜಮಾನರಾದ ಗೋಪಿ ಅಂಕಲ್ ನನ್ನನ್ನು ಹಾಸಿಗೆಯ ಪಕ್ಕ ಕೂರಿಸಿ, “ಮಾತಾಡಮ್ಮ, ಕೇಳಿಸ್ಬಹುದು” ಎಂದರು. ಕುರ್ಚಿಗಳು ಹೊರಗೇ ಇವೆ ಮೇಡಂ ಎಂದೆ. ಅವರ ಕೈ ತಣ್ಣಗಿತ್ತು. ಶನಿವಾರ ತೀರಿಕೊಂಡರು.

ಎರಡು ವಾರದ ನಂತರ ಅದೇ ಮೀಟಿಂಗ್ ನಡೆಯಿತು. ಲಿಮ್ ಸರ್ ಅಧ್ಯಕ್ಷತೆ. ನಾನು ಹನ್ನೊಂದೇ ಕುರ್ಚಿ ಇಟ್ಟಿದ್ದೆ. ಬಾಗಿಲ ಪಕ್ಕದ ಜಾಗ ಖಾಲಿ ಬಿಟ್ಟಿದ್ದೆ. ಒಂದು ನಿಮಿಷ ಮೌನ ಆಚರಿಸಿದರು. ಆಮೇಲೂ ಮೌನ ಹಾಗೇ ಮುಂದುವರಿಯಿತು. ಮೂರನೆಯ ಪ್ರಶ್ನೆ ಬಂದಾಗ ಲಿಮ್ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಒಂಬತ್ತೇ ಜನ ಇದ್ದಾರೆ, ಮುಚ್ಚುವುದೇ ಸರಿ ಎನಿಸುತ್ತದೆ ಎಂದರು. ಸುತ್ತ ನೋಡಿದರು. ಎಲ್ಲರೂ ಮೇಜು ನೋಡುತ್ತಿದ್ದರು.

“ನೋ ಅಬ್ಜೆಕ್ಷನ್, ಓಕೆ? ನೆಕ್ಸ್ಟ್.”

ಅವರದು ಕೆಟ್ಟ ಮನಸ್ಸಲ್ಲ. ಆ ಕೋಣೆಯಿಂದ ಬೇಗ ಹೊರಗೆ ಹೋಗಬೇಕೆಂದು ಎಲ್ಲರಿಗೂ ಅನಿಸಿತ್ತು, ನನಗೂ. ನಾನು ಪೆನ್ನು ಹಿಡಿದು ಕೂತಿದ್ದೆ. ಬರೆಯಲು ಬಂದವಳು ಮಾತನಾಡುವಂತಿಲ್ಲ, ಅದರಲ್ಲೂ ನನ್ನದೇ ಕೋರ್ಸಿನ ಬಗ್ಗೆ. ಆದರೆ ಓದುವುದು ನನ್ನ ಕೆಲಸವೇ ಆಗಿತ್ತಲ್ಲ.

“ಸರ್, ಓದಲಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರು ಬಾಗಿಲ ಪಕ್ಕದ ಜಾಗವನ್ನೊಮ್ಮೆ ನೋಡಿ, ಓದು ಎಂದು ತಲೆಯಾಡಿಸಿದರು.

ಓದಿದೆ. ‘ಮೂರನೆಯ ಪ್ರಶ್ನೆ. ಸಂಜೆಯ ಡಿಪ್ಲೊಮಾ ಮುಂದುವರಿಯಬೇಕೇ? ಮುಚ್ಚುವುದೇ ಸರಿ ಎಂದು ಲಿಮ್ ಅವರು ಹೇಳಿದರು. ಬೇರೆ ಯಾರೂ ಮಾತನಾಡಲಿಲ್ಲ.’

ಫರಾ, “ಆಕ್ಚುಯಲಿ...” ಎಂದಳು.

ಮುಕ್ಕಾಲು ಗಂಟೆ ಮಾತು ನಡೆಯಿತು. ಕಿರಿಯರಿಂದ ಹಿರಿಯರವರೆಗೆ ಒಬ್ಬೊಬ್ಬರೂ ಹೇಳಿದರು. ನಾನು ಒಂಬತ್ತು ಪುಟ ಬರೆದೆ. ಹೊಸಬರನ್ನು ಸೇರಿಸಿಕೊಳ್ಳುವುದು ಬೇಡ, ಇರುವ ಒಂಬತ್ತು ಜನ ಮುಗಿಸುವವರೆಗೆ ತರಗತಿ ನಡೆಯಲಿ ಎಂದು ತೀರ್ಮಾನವಾಯಿತು. ಮೇಡಂ ತೆಗೆದುಕೊಳ್ಳುತ್ತಿದ್ದ ಗಣಿತವನ್ನು ಲಿಮ್ ಸರ್ ತಾವೇ ವಹಿಸಿಕೊಂಡರು. ಮರುವರ್ಷ ನಾನು ಪಾಸಾದೆ. ಕೋರ್ಸು ಅಲ್ಲಿಗೆ ನಿಂತಿತು.

ಆ ಮೀಟಿಂಗಿನ ದಿನ ಪ್ರಾಟಾ ತಿನ್ನಲು ನಾನೊಬ್ಬಳೇ ಇಳಿದಿದ್ದೆ. ತಿನ್ನಲಾಗಲಿಲ್ಲ.

ಮೇಡಂ ಇದ್ದಿದ್ದರೆ ಕೋರ್ಸನ್ನು ಪೂರ್ತಿ ಉಳಿಸುತ್ತಿದ್ದರು ಎಂದು ಫರಾ ಹೇಳುತ್ತಾಳೆ. ಇರಬಹುದು. ಆದರೆ ಲೆಕ್ಕದ ವಿಷಯದಲ್ಲಿ ಅವರು ಯಾರಿಗೂ ದಾಕ್ಷಿಣ್ಯ ತೋರಿಸುತ್ತಿರಲಿಲ್ಲ. ಒಂಬತ್ತು ಜನಕ್ಕಾಗಿ ನಾಲ್ಕು ಜನ ಅಧ್ಯಾಪಕರನ್ನು ಸಂಜೆಯ ಹೊತ್ತು ಉಳಿಸಿಕೊಳ್ಳುವುದು ಸರಿಯಲ್ಲ ಎಂದೇ ಹೇಳಲಿದ್ದರೇನೋ. ನನಗೆ ನಿದ್ದೆ ಬರುವುದಿಲ್ಲ ಎಂದದ್ದು ಅದಕ್ಕೇ ಏನೋ. ಗೋಪಿ ಅಂಕಲ್‌ರನ್ನು ಕೇಳಿದೆ. ಮನೆಯಲ್ಲಿ ಏನೂ ಹೇಳಿರಲಿಲ್ಲವಂತೆ. ಅವರ ಪುಸ್ತಕಗಳಲ್ಲೂ ಹುಡುಕಿದೆವು, ಒಂದು ಚೀಟಿಯೂ ಸಿಗಲಿಲ್ಲ.

ಆ ಅಜೆಂಡಾದ ಪ್ರತಿ ನನ್ನ ಹತ್ತಿರವಿದೆ. ಹತ್ತು ಜನರ ಮಾತು ನಡಾವಳಿಯಲ್ಲಿದೆ. ಮೇಡಂ ಅವರ ಐದು ನಿಮಿಷ ಇಲ್ಲ.