ಮೂವತ್ತೆಂಟು ಚೂರುಗಳ ದೇವರು

ನೆಂಟರಿಗೆ ತೋರಿಸಲು ಊರಲ್ಲಿ ಏನಾದರೂ ಹಳೆಯದಿರಬೇಕು. ನಾವು ಅಮೆರಿಕದ ಹ್ಯೂಸ್ಟನ್ನಿನ ಅಂಚಿನ ಕೇಟಿಯಲ್ಲಿ ಮನೆ ಮಾಡಿದ ಹೊಸತರಲ್ಲಿ, ಇಡೀ ಊರಲ್ಲಿ ನನಗೆ ಗೊತ್ತಿದ್ದ ಪುರಾತನ ವಸ್ತುವೆಂದರೆ ನನ್ನ ಕಾರು. ಹಾಗಾಗಿ ಮೈಸೂರಿನಿಂದ ಅತ್ತೆ ಬಂದಾಗ, ಊರೊಳಗೆ ಹಳೇ ಚಿತ್ರಗಳ ಗುಡಿಯೊಂದಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದು ದೊಡ್ಡ ಉಪಕಾರವಾಯಿತು.

ಅತ್ತೆಯ ಮನಸ್ಸು ಸರಿಯಿರಲಿಲ್ಲ. ಅವರ ತಾಯಿ ಪೂಜಿಸುತ್ತಿದ್ದ ಬೀಟೆಮರದ ಕೃಷ್ಣನನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದರು. ಪ್ರಯಾಣದಲ್ಲಿ ಕೊಳಲು ಮುರಿದಿತ್ತು. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ, ಹರಿಯುವ ನೀರಿಗೆ ಬಿಡಬೇಕು ಎಂಬುದು ನಮ್ಮ ರೂಢಿ. “ಇಲ್ಲಿ ನದಿ ಇದೆಯಾ?” ಎಂದು ಕೇಳಿದವರು, ಇದೆ ಎಂದಾಗ ಅತ್ತುಬಿಟ್ಟರು.

ಅವರನ್ನು ಕರೆದೊಯ್ದ ಆ ಗುಡಿ ಹೊರಗಿನಿಂದ ಬರೀ ಸಿಮೆಂಟಿನ ಪೆಟ್ಟಿಗೆ. ಒಳಗಿನ ಮಬ್ಬಿನಲ್ಲಿ ಗಾಜಿನ ಹಲಗೆಗಳು ಒಂದು ಪುಟ್ಟ ಹಳ್ಳಿಗುಡಿಯ ಆಕಾರದಲ್ಲಿ ನಿಂತಿದ್ದವು. ಮೇಲೆ ಗುಮ್ಮಟದಲ್ಲಿ ಕ್ರಿಸ್ತ, ಎದುರಿಗೆ ಮೇರಿ. ಬಾಗಿಲಲ್ಲೇ ಅತ್ತೆ ಚಪ್ಪಲಿ ಬಿಟ್ಟರು. ಕಾವಲಿನವಳು ಕಣ್ಣರಳಿಸಿದಳು. ಅತ್ತೆಯ ಮರ್ಯಾದೆಗೆಂದು ನಾನೂ ಶೂ ಬಿಚ್ಚಿ, ಕಾಲುಚೀಲದ ತೂತನ್ನು ಲೋಕಕ್ಕೆ ತೋರಿಸಿದೆ.

ಅಲ್ಲಿದ್ದ ಕರಪತ್ರ ಓದಿ ಅವರಿಗೆ ಕಥೆ ಹೇಳಿದೆ. ಏಳುನೂರು ವರ್ಷಗಳ ಹಿಂದೆ ಸೈಪ್ರಸ್ ದ್ವೀಪದ ಒಂದು ಹಳ್ಳಿಯ ಬಳಿಯ ಸಣ್ಣ ಗುಡಿಯ ಗೋಡೆಗೆ ಯಾರೋ ಪುಣ್ಯಾತ್ಮರು ಬರೆದ ಚಿತ್ರಗಳಿವು. ನಮ್ಮ ಕಾಲದಲ್ಲೇ ಅಲ್ಲಿ ಯುದ್ಧವಾದ ಮೇಲೆ ಕಳ್ಳರು ಅವನ್ನು ಮೂವತ್ತೆಂಟು ಚೂರಾಗಿ ಕೊಯ್ದು ಮಾರಲು ಹೊರಟರು. ಇಲ್ಲಿನವರು ಹಣ ಕೊಟ್ಟು ಬಿಡಿಸಿಕೊಂಡು, ವರ್ಷಗಟ್ಟಲೆ ಕೂತು ಜೋಡಿಸಿ, ಸೈಪ್ರಸ್ಸಿನವರ ಒಪ್ಪಿಗೆ ಪಡೆದು ಇಲ್ಲಿ ಇಟ್ಟುಕೊಂಡಿದ್ದರು. ಕೊಯ್ಯುವವನಿಗೆ ಗರಗಸವೊಂದಿದ್ದರೆ ಸಾಕು. ಕೂಡಿಸಿದವರ ತಾಳ್ಮೆಗೆ ಮಾತ್ರ ನಾನು ಮನಸಾರೆ ಕೈಮುಗಿದೆ. ಪುಸ್ತಕದ ಕಪಾಟು ಜೋಡಿಸಿ ಮೂರು ಸ್ಕ್ರೂ ಉಳಿಸಿಕೊಂಡ ಎಂಜಿನಿಯರ್ ನಾನು. ಆ ಕಷ್ಟ ನನಗೆ ಗೊತ್ತು.

ಅತ್ತೆ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರು.

“ಇಷ್ಟು ಚೂರಾಗಿದ್ದಕ್ಕೂ ಪೂಜೆ ಮಾಡ್ತಾರಾ?”

“ಪ್ರಾರ್ಥನೆ ನಡೆಯುತ್ತಂತೆ ಅತ್ತೆ.”

“ಜೋಡಿಸಿರೋ ಗೆರೇನೇ ಕಾಣಲ್ವಲ್ಲ!”

“ಹತ್ತಿರ ಹೋಗಿ ನೋಡಿದ್ರೆ ಕಾಣುತ್ತೇನೋ.”

“ದೇವರನ್ನ ಅಷ್ಟು ಹತ್ತಿರದಿಂದ ಯಾಕೆ ಪರೀಕ್ಷೆ ಮಾಡ್ಬೇಕು?”

ಮನೆಗೆ ಬಂದವರೇ ಅತ್ತೆ ಅಂಟು ಕೇಳಿದರು. ಕೆಲಸ ನನ್ನ ತಲೆಗೇ ಬಂತು. ಉಸಿರು ಬಿಗಿಹಿಡಿದು ಅಂಟಿಸಿದೆ. ಆದರೂ ಕೊಳಲು ಸೊಟ್ಟಗೇ ನಿಂತಿತು. ನನಗೆ ನಿಜಕ್ಕೂ ಅಳು ಬಂದಹಾಗಾಯಿತು. ನಾನು ತಪ್ಪಾಯಿತು ಎನ್ನುವಷ್ಟರಲ್ಲಿ ಅತ್ತೆ ಕೃಷ್ಣನಿಗೆ ಹೂವಿಟ್ಟಾಗಿತ್ತು.

“ಕುಣಿಯಲಾರದವಳಿಗೆ ನೆಲ ಡೊಂಕು. ಊದಬಲ್ಲ ಇವನಿಗೆ ಕೊಳಲು ಡೊಂಕಾದ್ರೇನಂತೆ, ಬಿಡಿ.”