ಅವ್ವನ ಮೊಣಕಾಲಿಗೊಂದು ಫೋರ್ ಬೈ ಫೋರ್

'ಸರ್, ಗಾಡಿ ಫ್ಯಾಮಿಲಿ ಯೂಸಿಗೇನ್ರಿ, ಆಫ್‌ರೋಡಿಂಗಿಗೇನ್ರಿ?'

ಕಲಬುರಗಿಯ ಶೋರೂಮಿನಲ್ಲಿ ಸೇಲ್ಸ್‌ಮನ್ ಹೀಗೆ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಆಳಂದದವರನ್ನು ಕೇಳುವ ಪ್ರಶ್ನೆಯೇ ಇದು? ನಮ್ಮಲ್ಲಿ ಫ್ಯಾಮಿಲಿಯನ್ನು ಕೂರಿಸಿಕೊಂಡು ಮನೆ ಬಿಟ್ಟರೆ ಅದೇ ಆಫ್‌ರೋಡಿಂಗ್. ನಮ್ಮ ಓಣಿಯ ತಿರುವಿನಲ್ಲಿ ಪೈಪು ಹಾಕಲು ಅಗೆದ ಗುಂಡಿಯೊಂದಿದೆ. ಈಗ ಕೊರಿಯರ್‌ನವರಿಗೆ ನಾನು ವಿಳಾಸ ಹೇಳುವುದೇ 'ಗುಂಡಿ ದಾಟಿ ಎಡಕ್ಕೆ' ಅಂತ.

'ಎರಡಕ್ಕೂ' ಅಂದೆ. ಅವನ ಮುಖ ಅರಳಿತು. ಎರಡಕ್ಕೂ ಅನ್ನುವ ಗಿರಾಕಿ ಅಂದರೆ ಟಾಪ್ ಮಾಡೆಲ್ ಗಿರಾಕಿ, ಅಲ್ಲವೇ?

ನಾವು ಈ ಶೋರೂಮಿನವರೆಗೆ ಬರಲು ಕಾರಣ ಅವ್ವನ ಒಂದು ಮಾತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರೆಲ್ಲ ಖಾಲಿಯಾಗಿ ಹೊಲದಲ್ಲಿರುತ್ತದೆ, ನಿಮಗೆ ಗೊತ್ತೇ ಇದೆ. ಜೋಳ ಎದೆಯೆತ್ತರ ಬಂದಿರುತ್ತದೆ, ತೊಗರಿ ಕಾಯಿ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಆವತ್ತು ಅವಳಿಗೆ ಸೀಮಂತ. ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಎಲ್ಲ ಹೊತ್ತುಕೊಂಡು ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಆ ಅಡುಗೆಯನ್ನೇ ಕಲಸಿ ಹೊಲದ ಸುತ್ತ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಜೇವರ್ಗಿ ತಾಲ್ಲೂಕಿನ ಇಜೇರಿಯ ನಮ್ಮ ಹೊಲದಲ್ಲಿ ಅಪ್ಪ ಹೋದ ಮೇಲೆ ಚರಗ ಚೆಲ್ಲುವುದು ಅವ್ವನ ಕೆಲಸ. (ಹೆಂಗಸರು ಚೆಲ್ಲಬಾರದು ಎಂದು ಬುದ್ಧಿ ಹೇಳಲು ಬಂದವರಿಗೆ ಅವ್ವ ಕೊಟ್ಟ ಉತ್ತರವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.)

ಆಮೇಲೆ ಅವಳ ಮೊಣಕಾಲು ಕೈಕೊಟ್ಟಿತು. ಡಾಂಬರು ರಸ್ತೆಯಿಂದ ಹೊಲ ಒಂದು ಮೈಲಿ ಒಳಗಿದೆ. ನಡೆಯಲಾಗದು, ಕಾಲು ಮಡಚದ್ದರಿಂದ ಬೈಕ್ ಮೇಲೆ ಕೂರಲಾಗದು. ನಮ್ಮ ಹಳೇ ಸಣ್ಣ ಕಾರಿನ ಹೊಟ್ಟೆ ಟಾರು ರಸ್ತೆಯ ಹಂಪ್‌ಗಳಿಗೇ ತಾಗುತ್ತಿತ್ತು. ಕಳೆದ ವರ್ಷ ಮಗಳು ವಿಡಿಯೊ ಕಾಲ್ ಮಾಡಿ ಹೊಲ ತೋರಿಸಿದಳು. ಅವ್ವ ಸ್ವಲ್ಪ ಹೊತ್ತು ನೋಡಿ ಫೋನನ್ನು ಬೋರಲಾಗಿ ಇಟ್ಟುಬಿಟ್ಟಳಂತೆ.

ಈ ವರ್ಷ ದೀಪಾವಳಿ ಮುಗಿದದ್ದೇ ಅವಳು ಹೇಳಿದ್ದು ಇಷ್ಟು: 'ಈ ಸಲ ಚರಗ ನಾನೇ ಚೆಲ್ತೇನಿ. ಹೆಂಗಾರ ಮಾಡಿ ಹೊಲಕ್ಕ ಕರ್ಕೊಂಡು ಹೋಗ್ರಿ.'

ಅವ್ವ ಹೇಳಿದ್ದು ಹೊಲ. ನಮಗೆಲ್ಲ ಕೇಳಿಸಿದ್ದು ಎಸ್‌ಯುವಿ.

ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಇಡೀ ಕುಟುಂಬ ಅವ್ವನ ಮೊಣಕಾಲಿನ ಸೇವೆಗೆ ಟೊಂಕ ಕಟ್ಟಿ ನಿಂತಿತು. ಆಯಿಗೆ ವಿಟಮಿನ್ ಡಿ ಕಮ್ಮಿ ಇದೆ, ಅದಕ್ಕೆ ಸನ್‌ರೂಫ್ ಇರಲೇಬೇಕು ಎಂದು ಅಜ್ಜಿಯ ಪರವಾಗಿ ಮಗಳು ಹಟ ಹಿಡಿದಳು. ಅತ್ತೆಗೆ ಕಾಲು ಚಾಚಲು ಜಾಗ ಬೇಕು, ಆದ್ದರಿಂದ ಏಳು ಸೀಟಿನದೇ ಆಗಬೇಕು ಎಂದು ನನ್ನ ಹೆಂಡತಿ ಸುನಂದಾ ತೀರ್ಮಾನಿಸಿದಳು. (ಉಳಿದ ಸೀಟುಗಳಲ್ಲಿ ಅವಳ ಅಪ್ಪ, ಅವ್ವ ಮತ್ತು ಸೋದರತ್ತೆ ಆರಾಮವಾಗಿ ಕೂರಬಹುದು ಎನ್ನುವುದು ಕೇವಲ ಕಾಕತಾಳೀಯ.) ನಾನೇನು ಕಮ್ಮಿಯೇ? ನಾನು ವಕೀಲ. ಇವರ ಹೊಲದ ದಾರಿ ಅವರು ಅಡ್ಡಗಟ್ಟಿದರು, ಅವರ ಹೊಲದ ದಾರಿ ಇವರು ಮುಚ್ಚಿದರು ಎನ್ನುವ ಕೇಸುಗಳಿಂದಲೇ ನನ್ನ ಹೊಟ್ಟೆ ತುಂಬುವುದು. ಕೋರ್ಟಿನ ಮುಂದೆ ನಿಲ್ಲಿಸಿದರೆ ಎದುರು ಪಾರ್ಟಿಯ ಎದೆ ಧಸಕ್ಕೆನ್ನಬೇಕು, ಅಂಥ ಗಾಡಿ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಮಾತ್ರ 'ಅವ್ವನ ಸೇಫ್ಟಿ ಮುಖ್ಯ' ಅಂದೆ.

ಎಲ್ಲರಿಗಿಂತ ದೊಡ್ಡ ಪಂಡಿತ ಹೆಂಡತಿಯ ತಮ್ಮ, ಅಫಜಲಪುರದ ಶರಣು. ಅವನು ಓಡಿಸುವುದು ಸ್ಕೂಟರು. ಆದರೆ ಯೂಟ್ಯೂಬಿನಲ್ಲಿ ಲಡಾಖಿನಿಂದ ಥಾರ್ ಮರುಭೂಮಿಯ ತನಕ ಎಲ್ಲ ಕಡೆ ಗಾಡಿ ಓಡಿಸಿ ಬಂದಿದ್ದಾನೆ. ಗ್ರೌಂಡ್ ಕ್ಲಿಯರೆನ್ಸ್, ಅಪ್ರೋಚ್ ಆ್ಯಂಗಲ್, ಲೋ ರೇಂಜ್ ಎಂದು ಅವನು ಶುರುವಿಟ್ಟರೆ ಸೇಲ್ಸ್‌ಮನ್ನೇ ನೀರು ಕುಡಿಯಲು ಹೋಗಿಬಿಡುತ್ತಿದ್ದ.

'ಮಾಮಾ, ಎರಿ ಮಣ್ಣಂದ್ರ ಹುಡುಗಾಟ ಅಲ್ಲ. ಫೋರ್ ಬೈ ಫೋರ್ ಇಲ್ಲಂದ್ರ ಅತ್ತಿಯವರು ಹೊಲ ಮುಟ್ಟಾಂಗಿಲ್ಲ' ಎಂದ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಎರೆ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಸರಿನ ಮಾತೇ ಇಲ್ಲ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲ ಅನ್ನಿ.

ಗುಡ್ಡ ಇಳಿಯುವಾಗ ತಾನೇ ಬ್ರೇಕು ಹಿಡಿಯುವ ವ್ಯವಸ್ಥೆಯೂ ಆ ಗಾಡಿಯಲ್ಲಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಜಾಲಾಡಿದರೂ ಹೇಳಿಕೊಳ್ಳುವಂಥ ಗುಡ್ಡ ಎಲ್ಲಿದೆ? ಇರಲಿ, ಅವ್ವನ ಸೇಫ್ಟಿ ಮುಖ್ಯ. ಲೇನ್ ತಪ್ಪಿದರೆ ಪಿಂಯ್ ಎಂದು ಎಚ್ಚರಿಸುವ ಸೌಲಭ್ಯವನ್ನೂ ತೆಗೆದುಕೊಂಡೆವು.

ಟೆಸ್ಟ್ ಡ್ರೈವಿಗೆ ಎಲ್ಲರೂ ಹೋದೆವು. ಮೊಣಕಾಲು ನೋಯುತ್ತದೆಂದು ಅವ್ವನೊಬ್ಬಳನ್ನು ಮನೆಯಲ್ಲಿ ಬಿಟ್ಟಿದ್ದೆವು.

ಹಾಗಾಗಿ ಹಾರ ಹಾಕಿಸಿಕೊಂಡ ಬಿಳಿ ಗಾಡಿ ಮನೆ ಮುಂದೆ ಬಂದು ನಿಂತ ದಿನವೇ ನಮಗೆ ಗೊತ್ತಾದದ್ದು: ಅವ್ವ ಅದನ್ನು ಹತ್ತಲಾರಳು. ಅದರ ಮೆಟ್ಟಿಲು ಅವಳ ಮೊಣಕಾಲಿಗಿಂತ ಮೇಲಿತ್ತು. ಬಾಗಿಲು ಹಿಡಿದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿದಳು. 'ಅಟ್ಟ ಹತ್ತೋದು ಬಿಟ್ಟು ಭಾಳ ದಿನ ಆತು ನಾ' ಎಂದಳು. ಪಾಪ, ಬೈಯಲಿಲ್ಲ. ನಾವು ಪ್ಲಾಸ್ಟಿಕ್ ಸ್ಟೂಲು ತಂದು, ಒಬ್ಬರು ಮುಂದಿನಿಂದ ಎಳೆದು, ಇಬ್ಬರು ಹಿಂದಿನಿಂದ ಒತ್ತಿ ಹತ್ತಿಸಿದೆವು. ಮಗಳು ರೀಲ್ ಮಾಡಲು ಹೊರಟಿದ್ದಳು, ಅವರಮ್ಮನ ಕಣ್ಣು ನೋಡಿ ಫೋನು ಕೆಳಗಿಟ್ಟಳು.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ನಸುಕಿಗೇ ಎದ್ದು, ಹಸಿರು ಇಳಕಲ್ ಸೀರೆ ಉಟ್ಟು, ಬುಟ್ಟಿ ಕಟ್ಟಿಸಿಕೊಂಡು ಕೂತಿದ್ದಳು. ಅವಳ ಮುಖದಲ್ಲಿ ಅಷ್ಟು ಉಮೇದು ನೋಡಿ ಎಷ್ಟು ಕಾಲವಾಗಿತ್ತೋ. ಅದನ್ನು ಕಂಡು ಗಾಡಿ ಕೊಂಡದ್ದು ಸಾರ್ಥಕ ಎಂದು ನನಗೆ ನಿಜಕ್ಕೂ ಅನ್ನಿಸಿತು. ಅಫಜಲಪುರದಲ್ಲಿ ಶರಣು ಹತ್ತಿದ, ಹತ್ತಿದವನೇ ಸ್ಟೇರಿಂಗ್ ಕಿತ್ತುಕೊಂಡ.

ಆಮೇಲೆ ಹವಳಗಾದ ಸಕ್ಕರೆ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ನಮ್ಮ ಮುಂದೆ ಬಂತು. ಎಷ್ಟು ಕುದುರೆಯ ಶಕ್ತಿ ಇದ್ದರೇನು? ಬಹಳ ಹೊತ್ತು ಆ ಟ್ರ್ಯಾಕ್ಟರಿನ ಟೇಪ್ ಡೆಕ್ಕಿನಿಂದ ಬರುವ ಹಾಡು ಕೇಳುತ್ತ ಅದರ ಹಿಂದೆಯೇ ತೆವಳಿದೆವು. ರಸ್ತೆಯ ಮೇಲೆ ಗೆರೆಯೇ ಇಲ್ಲದ್ದರಿಂದ ನಮ್ಮ ಲೇನ್ ಯಂತ್ರ ಏನು ಮಾಡಬೇಕೆಂದು ತಿಳಿಯದೆ, ಒಮ್ಮೆ ಎಮ್ಮೆಗೆ, ಒಮ್ಮೆ ಕಬ್ಬಿಗೆ ಪಿಂಯ್ ಎನ್ನುತ್ತಿತ್ತು.

ಇಜೇರಿ ದಾಟಿ ಹೊಲದ ತಿರುವು ಬಂತು. ಅಲ್ಲಿ ಕಾಕಾನ ಮಗ ಸಿದ್ದಣ್ಣ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ನಮ್ಮ ಹೊಲವನ್ನು ಪಾಲಿಗೆ ಮಾಡುವವನು ಅವನೇ. ಶರಣು ಗಾಡಿ ನಿಲ್ಲಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, ಲೋ ರೇಂಜಿನ ಗುಂಡಿ ತಿರುಗಿಸಿದ. ಗರ್ಭಗುಡಿಯ ಬಾಗಿಲು ತೆಗೆಯುವ ಪೂಜಾರಿಯ ಮುಖದಲ್ಲೂ ಅಷ್ಟು ಭಕ್ತಿ ನಾನು ಕಂಡಿಲ್ಲ.

ಸ್ವಲ್ಪ ದೂರ ಹೋದೆವು. ಆಮೇಲೆ ದಾರಿಯೇ ಇರಲಿಲ್ಲ.

ಅಪ್ಪನ ಕಾಲಕ್ಕೆ ಎದುರುಬದುರು ಎರಡು ಬಂಡಿ ದಾಟುತ್ತಿದ್ದ ದಾರಿ ಅದು. ಈಗ ಎಡಕ್ಕೆ ನಮ್ಮ ಹೊಲದ ಬಾಲದಂಥ ಪಟ್ಟಿಯಲ್ಲಿ ಆಳೆತ್ತರದ ತೊಗರಿ, ಬಲಕ್ಕೆ ಪಕ್ಕದವರ ಆಳೆತ್ತರದ ತೊಗರಿ, ನಡುವೆ ಒಂದು ಬೈಕ್ ಹೋಗುವಷ್ಟು ಗೀಟು. ಏನಾಯಿತೆಂದು ಕೇಳಿದರೆ ಸಿದ್ದಣ್ಣ ಹೆಮ್ಮೆಯಿಂದಲೇ ವಿವರಿಸಿದ. ಬಾಜೂ ಹೊಲದವರು ಮೊದಲು ಒಂದು ಸಾಲನ್ನು ದಾರಿಯೊಳಗೆ ಬಿತ್ತಿದರಂತೆ. ಮರುವರ್ಷ ಇವನೂ ಒಂದು ಸಾಲು ಬಿತ್ತಿದ. ಅವರು ಇನ್ನೊಂದು ಹಾಕಿದರು. ಇವನು ಬಿಡುತ್ತಾನೆಯೇ?

'ವಕೀಲರ ಹೊಲ ಅಂದ ಮ್ಯಾಲ ನಾವು ಹಿಂದ ಬೀಳಾಕ ಆಗ್ತದೇನ್ರಿ ಅಣ್ಣಾ? ರಾಶಿ ಆದ ಮ್ಯಾಲ ದಾರಿ ತಾನೇ ತೆರೀತದ' ಎಂದ.

ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗೋಣ ಎಂದೆ. ಜೀವ ಇರುವಾಗ ಯಾರ ಹೆಗಲೂ ಏರುವುದಿಲ್ಲ ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದಳು. ಆಗ ಶರಣುವಿಗೆ ತನ್ನ ಜನ್ಮ ಸಾರ್ಥಕವಾಗುವ ಘಳಿಗೆ ಬಂತೆನಿಸಿತು. ಎಡಗಡೆಯ ಎರಡು ಸಾಲು ಹೇಗೂ ನಮ್ಮವೇ, ಅದರ ಮೇಲೆ ಹಾಯಿಸಿಬಿಡೋಣ, ಗಾಡಿ ಇರುವುದೇ ಇದಕ್ಕೆ ಎಂದ. ಸಿದ್ದಣ್ಣನೂ ಹೂಂ ಎಂದ. ನಾನೂ ಬೇಡವೆನ್ನಲಿಲ್ಲ. ಅಷ್ಟು ದೂರ ಬಂದು ಅವ್ವ ಹೊಲ ಕಾಣದೆ ಹೋಗುವುದೆಂದರೇನು? ಶರಣು ಎಕ್ಸಲರೇಟರ್ ಒತ್ತಿದ. ಮುಂದಿನ ಚಕ್ರದ ಕೆಳಗೆ ಒಂದು ಗಿಡ ಲಟಕ್ಕೆಂದಿತು.

'ನಿಲ್ಲಸು' ಎಂದಳು ಅವ್ವ. ದನಿ ಏರಿಸಲಿಲ್ಲ. 'ಸೀಮಂತಕ್ಕ ಬಂದವರು ಬಸುರಿ ಹೊಟ್ಟಿ ಮ್ಯಾಲ ಗಾಡಿ ಹಾಯಸ್ತೀರೇನು?'

ಶರಣು ಎಂಜಿನ್ ಬಂದ್ ಮಾಡಿದ. ನನಗೆ ವಿಪರೀತ ನಾಚಿಕೆಯಾಯಿತು.

ಸ್ಟೂಲು ಹಾಕಿ ಅವಳನ್ನು ಇಳಿಸಿದೆವು. ಸುನಂದಾ ಒಂದು ಗಂಗಾಳದಲ್ಲಿ ಎಲ್ಲ ಕಲಸಿ ಕೊಟ್ಟಳು. ಅವ್ವ ಬಾನೆಟ್ಟಿಗೆ ಒರಗಿ ನಿಂತು ಅಲ್ಲೇ ಚರಗ ಚೆಲ್ಲತೊಡಗಿದಳು. ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ. ಸಿದ್ದಣ್ಣನಿಗೆ ಸಂಕಟವಾಯಿತು, ನಮ್ಮ ಕಡುಬು ಬಾಜೂದವರ ತೊಗರಿಗೆ ಬೀಳುತ್ತಿದೆಯಲ್ಲ.

'ದೊಡ್ಡವ್ವಾ, ಆ ಕಡಿ ನಮ್ಮ ಹೊಲ ಅಲ್ರೀ' ಎಂದ.

'ನಮ್ಮ ಹೊಲಕ್ಕ ಹೋಗಾಕ ನೀವು ಎಲ್ಲಿ ಬಿಟ್ರಿ? ನಾ ದಾರಿಗೆ ಚೆಲ್ಲಾಕತ್ತೇನಿ. ಅದೂ ಇಲ್ಲೇ ಎಲ್ಲೋ ಇತ್ತು' ಎಂದಳು ಅವ್ವ.

ಉಳಿದವರು ಗೀಟಿನಲ್ಲಿ ನಡೆದು ಹೋಗಿ ಐದು ಕಲ್ಲಿಗೆ ಪೂಜೆ ಮುಗಿಸಿ ಬಂದರು. ನಾನು ಅವ್ವನ ಜೊತೆ ಗಾಡಿಯ ನೆರಳಿನಲ್ಲಿ ಕೂತಿದ್ದೆ. ಅರ್ಧ ರೊಟ್ಟಿ ತಿಂದಳು. ಹೊಲದ ಕಡೆಯಿಂದ ಬೇರೆಯವರ ನಗು, ಮಕ್ಕಳ ಕೂಗು ಕೇಳಿಸುತ್ತಿತ್ತು. ಐದು ಕಲ್ಲಿನ ಪಕ್ಕದ ಬೇವಿನ ಮರ ಇನ್ನೂ ಇದೆಯೇ ಎಂದು ಕೇಳಿದಳು. ಇದೆ ಎಂದೆ.

ವಾಪಸು ಬಂದು ನಾನು ಸುಮ್ಮನೆ ಕೂರಲಿಲ್ಲ. ಮುಂದಿನ ಬಿತ್ತಿಗೆಗೆ ನಮ್ಮ ಎರಡು ಸಾಲು ಬಿಟ್ಟುಬಿಡು ಎಂದು ಸಿದ್ದಣ್ಣನಿಗೆ ಫೋನು ಮಾಡಿದೆ. ಅವರು ಮೊದಲು ಬಿಡಲಿ ಎಂದ. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಬಾಜೂ ಹೊಲದ ಯಜಮಾನರು ಸಿಕ್ಕರು. ಬಹಳ ಮರ್ಯಾದಸ್ಥರು, ಬಿಡದೆ ಚಾ ಕುಡಿಸಿದರು, ಅವ್ವನ ಮೊಣಕಾಲು ವಿಚಾರಿಸಿದರು.

'ಬಿಡೂಣ್ರಿ ವಕೀಲರೇ, ಬಿಡದೇ ಏನು? ನೀವು ಮೊದಲು ಬಿಡ್ರಿ, ನಿಮ್ಮ ಹಿಂದನೇ ನಾವೂ ಬಿಡ್ತೇವಿ' ಎಂದರು.

ಈ ಮಾತಿನ ಆಯುಷ್ಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಜ್ಜ ಹಾಕಿದ ಕೇಸಿನ ತಾರೀಖಿಗೆ ಮೊಮ್ಮಗ ಬರುವುದನ್ನು ದಿನಾ ನೋಡುವವನು ನಾನು. ಅವ್ವನಿಗೆ ಹೇಳಿದೆ. ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

'ಹಾಂಗಾದ್ರ ನಾ ಇರೋತನಕ ಆಗೂದಿಲ್ಲ ಬಿಡು' ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಎರಡು ಸಾಲಿನ ಮಾತು ಮತ್ತೆ ಎತ್ತಿದೆ. ಸಿದ್ದಣ್ಣ ಬೇಜಾರಾಗುತ್ತಾನೆ, ನಾವೇ ಮೊದಲು ಬಿಟ್ಟರೆ ಊರಲ್ಲಿ ಸೋತಂತೆ ಆಗುತ್ತದೆ ಎಂದು ಸುನಂದಾ ಅಂದಳು. ಅವಳು ಹೇಳಿದ್ದರಲ್ಲೂ ಸತ್ಯವಿದೆ ಎಂದು ನನಗೂ ಅನ್ನಿಸಿತು. ಅಷ್ಟರಲ್ಲಿ ಶರಣು ಫೋನಿಗೆ ವಿಡಿಯೊ ಕಳಿಸಿದ. ಯಾವುದೋ ಹೊಸ ಮಾಡೆಲ್ ಬಂದಿದೆಯಂತೆ. ಅಗಲ ಕಮ್ಮಿ, ಮೆಟ್ಟಿಲು ತಾನೇ ಕೆಳಗಿಳಿಯುತ್ತದೆ, ಸಂದಿಗೊಂದಿಯಲ್ಲೆಲ್ಲ ನುಗ್ಗುತ್ತದಂತೆ.

ಸದ್ಯಕ್ಕೆ ಗಾಡಿ ಬದಲಿಸುವುದೇ ಸುಲಭ ಎಂದು ಮನೆಯಲ್ಲಿ ಎಲ್ಲರೂ ಒಮ್ಮತಕ್ಕೆ ಬಂದಿದ್ದೇವೆ.